ಅನುಭವ ಇಲ್ಲದವರ ಕೋರ್ಸು

ಪರದೆಯ ಮೇಲೆ ಎರಡು ಸೊನ್ನೆಗಳಿದ್ದವು. ಒಂದರ ಮುಂದೆ ಎಂ.ಬಿ.ಎ. ಎಂದು ಬರೆದಿತ್ತು, ಇನ್ನೊಂದರ ಮುಂದೆ ಮಾಸ್ಟರ್ಸ್ ಇನ್ ಮ್ಯಾನೇಜ್‌ಮೆಂಟ್. ಒಂದನ್ನು ಒತ್ತಿದರೆ ಅದರೊಳಗೆ ಕಪ್ಪು ಚುಕ್ಕೆ ಬಂದು ಕೂರುತ್ತಿತ್ತು, ಇನ್ನೊಂದು ತಾನಾಗಿ ಖಾಲಿಯಾಗುತ್ತಿತ್ತು. ಬೆಳಗಿನಿಂದ ಅತೀಯಾ ಅದನ್ನು ಆರು ಸಲ ಮಾಡಿ ತೋರಿಸಿದ್ದಳು. ಒಂದು ತುಂಬಿದರೆ ಇನ್ನೊಂದು ಬರಿದಾಗುವ ಈ ಏರ್ಪಾಟನ್ನು ಕೋರ್ಸು ನಡೆಸುವ ಹೈದರಾಬಾದಿನ ಸಂಸ್ಥೆಯವರು ತನ್ನ ಮನೆಯನ್ನು ನೋಡಿಯೇ ಮಾಡಿರಬೇಕು ಎಂದು ಅಂಬರೇಶನಿಗೆ ಅನ್ನಿಸಿತು. ವಾಡಿ ಸ್ಟೇಷನ್ ರಸ್ತೆಯ ಆ ಆನ್‌ಲೈನ್ ಅಂಗಡಿಯಲ್ಲಿ ಕೀಲಿಮಣೆಯ ಮೇಲೂ ಸಿಮೆಂಟಿನ ಪುಡಿ ಇತ್ತು. ಪ್ರತಿ ಅರ್ಜಿಗೆ ಮೊದಲು ಅತೀಯಾ ಅದನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು, ಅರ್ಜಿ ಮುಗಿಯುವಷ್ಟರಲ್ಲಿ ಅದು ಮತ್ತೆ ಬಂದು ಕೂತಿರುತ್ತಿತ್ತು.

"ಅಂಬರೇಶ್ ಭಾಯ್, ಸಂಜಿ ಐದಕ್ಕ ಸೈಟ್ ಬಂದ್ ಆಗ್ತದ. ಎರಡರಾಗೂ ನಿಮ್ಮ ಹೆಸ್ರು ಬಂದದ, ಒಂದು ಒಪ್ಕೋರಿ ಅಂತಾರ. ಮಂದಿಗಿ ಒಂದೂ ಸಿಗಲ್ದು. ಎರಡಕ್ಕೂ ಫರಕ್ ಏನದ?"

"ಒಂದು ಕೆಲಸ ಮಾಡಿದವ್ರಿಗಿ. ಮೂರು ವರ್ಷ ಅನುಭವ ಅದ ಅಂತ ಪತ್ರ ಹಚ್ಚಬೇಕು. ಇನ್ನೊಂದು ಏನೂ ಮಾಡದವ್ರಿಗಿ. ಅನುಭವ ಇಲ್ಲ ಅಂತ ಒಪ್ಕೊಂಡು ಬರಕೊಡಬೇಕು."

"ಇದ್ರಾಗ ವಿಚಾರ ಮಾಡೋದು ಏನದ? ನೀವು ಮಾಡೀರೋ ಇಲ್ಲೋ?"

"ಮಾಡೀನಿ. ಆದ್ರ ನಾ ಮಾಡಿಲ್ಲ."

ಅತೀಯಾ ಪರದೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಸರಿಸಿ ನೋಡಿದಳು. "ಆ ಕಾಲಂ ಇದ್ರಾಗ ಇಲ್ಲ," ಎಂದಳು. ಆಮೇಲೆ, ಆಧಾರ್ ತಿದ್ದಿಸಲು ಬಂದ ಮುದುಕಿಗೆ ಕುರ್ಚಿ ಬಿಟ್ಟುಕೊಡುವಂತೆ ಅವನಿಗೆ ಕೈಸನ್ನೆ ಮಾಡಿದಳು. "ಪತ್ರ ಸಿಕ್ರ ತರ್ರಿ. ಇಲ್ಲಂದ್ರ ಐದರ ಒಳಗ ಫೋನ್ ಹಚ್ಚರಿ, ನಾನೇ ಒತ್ತೀನಿ. ಲಾಗಿನ್ ತೆಗದೇ ಇಡ್ತೀನಿ."

ಬಿಸಿಲಿಗೆ ಬಂದಾಗ ಹನ್ನೊಂದಾಗಿತ್ತು. ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ತಡವಾಗಿದ್ದಕ್ಕೆ ಮೂರು ಭಾಷೆಗಳಲ್ಲಿ ವಿಷಾದಿಸುತ್ತಿದ್ದರು. ಮಾಡೀನಿ, ಆದ್ರ ನಾ ಮಾಡಿಲ್ಲ. ಅದನ್ನು ಅವನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಅಂಗಡಿಯಲ್ಲಿ. ಮೂರು ವರ್ಷ ಎರಡು ತಿಂಗಳ ಹಿಂದೆ ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ಹಾಲಿನಲ್ಲಿ ಲಾರಿಗೆ ಚೀಲ ಹೇರುವಾಗ ಅವುಗಳ ಅಟ್ಟಿ ಜರಿದು ಅಣ್ಣ ಚೌಡೇಶನ ಬೆನ್ನಿನ ಮೇಲೆ ಬಿದ್ದಿತ್ತು. ಆಗ ಗುತ್ತೇದಾರ ಗುರುಲಿಂಗಪ್ಪ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಿಂತು, ನಾಲ್ಕು ದಿನ ತಮ್ಮನ್ನ ಕಳಸ್ರಿ, ಪಾಸ್ ಜೀವಂತ ಇರಲಿ ಎಂದಿದ್ದ. ಮನುಷ್ಯ ಮಲಗಬಹುದಿತ್ತು, ಪಾಸು ಮಲಗುವಂತಿರಲಿಲ್ಲ. ಬಿ.ಕಾಂ. ಮುಗಿಸಿ ಬಂದಿದ್ದ ಅಂಬರೇಶ ಅಣ್ಣನ ಅಂಗಿ ಹಾಕಿಕೊಂಡು, ಅಣ್ಣನ ಪಾಸು ಕೊರಳಿಗೆ ಹಾಕಿಕೊಂಡು ಹೋದ. ಗೇಟಿನಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರವಿತ್ತು. ಅದು ಯಾರನ್ನೂ ಗುರುತಿಸುತ್ತಿರಲಿಲ್ಲ. ಸುಣ್ಣಕಲ್ಲಿನ ಪುಡಿಯಲ್ಲಿ ದುಡಿದವರ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಯಂತ್ರಕ್ಕೆ ಎಲ್ಲ ಗುತ್ತಿಗೆಯವರೂ ಒಂದೇ ನುಣ್ಣನೆಯ ಮನುಷ್ಯನಂತೆ ಕಾಣುತ್ತಿದ್ದರು. ಹಾಗಾಗಿ ಕಾವಲಿನವರು ಪಾಸಿನ ನಂಬರು ನೋಡಿ ಒಳಗೆ ಬಿಡುತ್ತಿದ್ದರು. ಮೊದಲ ದಿನ ಸೂಪರ್‌ವೈಸರ್ "ಏ ಚೌಡೇಶ" ಎಂದು ಕೂಗಿದಾಗ ಅವನು ತಿರುಗಿದ್ದು ಎರಡನೇ ಕೂಗಿಗೆ. ತಿಂಗಳೊಪ್ಪತ್ತಿನಲ್ಲಿ ಮೊದಲ ಕೂಗಿಗೇ ತಿರುಗತೊಡಗಿದ. ಎರಡನೇ ವರ್ಷ ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ಕಾಲೇಜಿನ ಗೆಳೆಯನೊಬ್ಬ "ಅಂಬರೇಶ, ಅಂಬರೇಶ" ಎಂದು ಕೂಗಿ ಕೂಗಿ ಸೋತು, ಎದುರಿಗೇ ಬಂದು, ಭಾಳ ದೊಡ್ಡ ಮನಷ್ಯಾ ಆಗೀದಿ ಎಂದು ಹೇಳಿ ಮಾತು ಬಿಟ್ಟ. ಅವನಿಗೆ ಏನು ಹೇಳುವುದು? ನೀನು ಕೂಗಿದ್ದು ನನಗಲ್ಲ ಅನ್ನಿಸಿತು ಎಂದೇ?

ಫ್ಯಾಕ್ಟರಿಯ ಸುರಕ್ಷತಾ ಸಪ್ತಾಹದಲ್ಲಿ ಬಂದ ಬಹುಮಾನವೂ ಹಾಗೆಯೇ. ಒಂದು ದಿನ ಚೀಲ ಸಾಗಿಸುವ ಬೆಲ್ಟು ನಿಂತು, ಲಾರಿಗಳ ಸಾಲು ರಾವೂರಿನ ರಸ್ತೆಯವರೆಗೆ ಬೆಳೆದು, ಡ್ರೈವರುಗಳು ಕೈಗೆ ಕಲ್ಲು ತೆಗೆದುಕೊಳ್ಳುವ ಹೊತ್ತಿಗೆ ಅಂಬರೇಶ ಸೀಮೆಸುಣ್ಣದಿಂದ ಲಾರಿಗಳ ಮೇಲೆ ನಂಬರು ಬರೆದು, ಸಾಲು ಎರಡು ಮಾಡಿ, ನಾಲ್ಕು ತಾಸು ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿದ್ದ. ಅದಕ್ಕೊಂದು ಸ್ಟೀಲಿನ ಬುತ್ತಿ ಡಬ್ಬಿ ಕೊಟ್ಟು ಫೋಟೋ ಹಿಡಿದಿದ್ದರು. ಫೋಟೋದ ಕೆಳಗೆ ಚೌಡೇಶ ಎಂದಿತ್ತು. ಡಬ್ಬಿ ಮನೆಯಲ್ಲಿ ಅಂಗಿ ಹಾಕುವ ಗೂಟದ ಪಕ್ಕದ ಗೂಡಿನಲ್ಲಿ ನಿಂತಿತು, ಕತೆ ಅಣ್ಣನ ಬಾಯಿಗೆ ಹೋಯಿತು. ಸಂಜೆ ಸಂಜೆ ತಮ್ಮ ಹೇಳಿದ್ದನ್ನೆಲ್ಲ ಕೇಳುತ್ತ ಮಲಗಿರುತ್ತಿದ್ದ ಚೌಡೇಶ ಅದನ್ನು ಬಂದವರಿಗೆ ಹೇಳಹೇಳುತ್ತ ಬೆಳೆಸಿದ. ಅವನ ಕತೆಯಲ್ಲಿ ಬೆಲ್ಟಿಗೆ ಬೆಂಕಿ ಹತ್ತಿತು. ತಮಾಷೆಯೆಂದರೆ, ಹೋದ ತಿಂಗಳು ಎಂ.ಬಿ.ಎ. ಸಂದರ್ಶನದಲ್ಲಿ, ನಾಯಕತ್ವ ತೋರಿಸಿದ ಒಂದು ಪ್ರಸಂಗ ಹೇಳಿ ಎಂದು ಫೋನಿನೊಳಗಿನ ಹೆಂಗಸು ಕೇಳಿದಾಗ ಅಂಬರೇಶ ಅದನ್ನೇ ಹೇಳಿದ, ಹೇಳುತ್ತ ಹೇಳುತ್ತ ಬೆಂಕಿಯನ್ನೂ ಹೇಳಿಬಿಟ್ಟ. ಅರ್ಧ ಗಂಟೆಯ ನಂತರ ಇನ್ನೊಂದು ಕೋರ್ಸಿನ ಸಂದರ್ಶನ. ಈ ಮೂರು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದರು. ಮನೆಯಲ್ಲಿದ್ದೆ ಎಂದ. ಅಣ್ಣನಿಗೆ ಹುಷಾರಿರಲಿಲ್ಲ, ಮನೆಯಲ್ಲಿದ್ದೆ. ಮಧ್ಯಾಹ್ನದೊಳಗೆ ಒಂದೇ ಸಂಸ್ಥೆಗೆ ಇಬ್ಬರು ಅಂಬರೇಶರನ್ನು ಕೊಟ್ಟಿದ್ದ. ಅವರು ಇಬ್ಬರನ್ನೂ ಆರಿಸಿಕೊಂಡಿದ್ದರು.

ಗುರುಲಿಂಗಪ್ಪನ ಕಚೇರಿ ಗೇಟಿನ ಎದುರಿಗೇ ಒಂದು ತಗಡಿನ ಖೋಲಿ. ಗೋಡೆಯ ಮೇಲೆ ಬಸವಣ್ಣನ ಕ್ಯಾಲೆಂಡರು, ಮೇಜಿನ ಮೇಲೆ ಎಪ್ಪತ್ತು ಜನರ ಪಾಸುಗಳ ಪೆಟ್ಟಿಗೆ. ಮೂರು ಬೆರಳಿನ ವಿಭೂತಿಯ ಕೆಳಗಿನಿಂದ ಅವನು ಅಂಬರೇಶನನ್ನು ನೋಡಿದ.

"ಬಾ, ಕುಂದ್ರು. ಇವತ್ತು ಚೌಡೇಶ ಅನ್ಲೋ, ಅಂಬರೇಶ ಅನ್ಲೋ?"

"ಅಂಬರೇಶ ಅನ್ರಿ."

"ಹಂಗಾದ್ರ ಚಾ ನನ್ನ ಕಡಿದು. ಚೌಡೇಶಗ ಕಂಪನಿ ಕುಡಸ್ತದ."

ಅಂಬರೇಶ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಾದ್ದರಿಂದ ಎಲ್ಲ ಹಿಂದುಮುಂದಾದವು. ಮೂರು ವರ್ಷ ಕೆಲಸ ಮಾಡಿದ್ದಕ್ಕೆ ಒಂದು ಪತ್ರ, ತನ್ನ ಹೆಸರಿನಲ್ಲಿ. ಗುರುಲಿಂಗಪ್ಪ ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದ. ಕೇಳಿ ಮುಗಿದ ಮೇಲೂ ಆರಿಸುತ್ತಿದ್ದ.

"ನಿಂದು ಕೇಳೋದು ಖರೇ ಅದ. ನೀ ದುಡದೀದಿ, ನಾ ಕಣ್ಣಾರೆ ನೋಡೀನಿ. ಆದ್ರ ಪಾಸ್ ಒಂದು, ಮನಷ್ಯಾ ಒಂದು. ಈ ಸಲ ಕಂಪನಿ ಆರು ಮಂದಿನ್ನ ಕಾಯಂ ಮಾಡ್ಕೊಳ್ಳಾಕತ್ತದ. ಹತ್ತು ವರ್ಷ ಬಿಡದೇ ಮಾಡಿರಬೇಕು. ನಿಮ್ಮಣ್ಣಂದು ಏಳು, ನಿಂದು ಮೂರು, ಬರೋಬ್ಬರಿ ಹತ್ತು. ಟೂಲ್ ರೂಮಿನ ಕೆಲಸ, ಕುಂತು ಮಾಡೋದು. ಅವನ ಬೆನ್ನಿಗಿ ದೇವ್ರು ಕೊಟ್ಟಂಗದ. ನಿನ್ನ ಹೆಸ್ರಿಗಿ ಮೂರು ಬರಕೊಟ್ರ ಅವಗ ಏಳೇ ಉಳೀತಾವ."

"ನೀವೇ ಕಳಸ್ರಿ ಅಂದಿದ್ರಿ, ಕಾಕಾ."

"ನಾ ನಾಲ್ಕು ದಿನ ಅಂದಿದ್ದೆ, ತಮ್ಮಾ."

ಅದು ನಿಜವಾಗಿತ್ತು. ಅಂಬರೇಶನಿಗೆ ಸಿಟ್ಟು ಬರಬೇಕಾಗಿತ್ತು. ಬದಲಿಗೆ, ಕರೆಯದ ಮದುವೆಯಲ್ಲಿ ಮೂರು ವರ್ಷ ಊಟ ಮಾಡಿದವನ ಹಾಗೆ ನಾಚಿಕೆಯಾಯಿತು. ಗುರುಲಿಂಗಪ್ಪ ಡ್ರಾಯರಿನಿಂದ ತನ್ನ ಹೆಸರು ಅಚ್ಚಾದ ಹಾಳೆಯೊಂದನ್ನು ತೆಗೆದು, ಕೆಳಗೆ ಸಹಿ ಮಾಡಿ, ರಬ್ಬರ್ ಸಿಕ್ಕೆ ಒತ್ತಿದ. ಮೇಲಿನದೆಲ್ಲ ಬಿಳಿ. ಹೀಗೆ ಖಾಲಿ ಹಾಳೆಗೆ ಸಹಿ ಹಾಕಿ ಕೊಡುವುದು ಅಲ್ಲಿಯ ರೂಢಿ. ರಜೆಗೆ, ಸಾಮಾನು ಒಯ್ಯಲಿಕ್ಕೆ, ಬ್ಯಾಂಕಿಗೆ, ಎಲ್ಲದಕ್ಕೂ ಸಹಿ ಮೊದಲು ಬರುತ್ತಿತ್ತು, ಸಂಗತಿ ಆಮೇಲೆ.

"ಹೆಸ್ರು ನೀನೇ ಬರಕೋ. ಒಬ್ಬರ ಅನ್ನ ತೆಗದು ಒಬ್ಬರಿಗಿ ಇಡೋದು ನನ್ನ ಕೈಲೆ ಬ್ಯಾಡ." ಅವನು ವಿಭೂತಿ ಮುಟ್ಟಿಕೊಂಡ. "ಇನ್ನೊಂದು. ಹೆಬ್ಬೆಟ್ಟಿನ ಕಾರಭಾರ ಮುಗೀತು. ಇವತ್ತು ನಾಲ್ಕಕ್ಕ ಮಾರಿ ಗುರ್ತಾ ಹಿಡಿಯೋ ಮಿಷಿನ್ ಕೂಡಸ್ತಾರ. ನಿಮ್ಮಣ್ಣಗ ಮುಂಜಾನೇನೇ ಹೇಳಿ ಕಳಿಸೀನಿ, ಕರಕೊಂಡು ಬಾ. ಇನ್ಮ್ಯಾಗ ಯಾರ ಮಾರಿ ಅವರದೇ."

ಟಂಟಂ ಆಟೋ ಮನೆಯಿದ್ದ ರಾವೂರಿಗೆ ಮುಟ್ಟುವ ತನಕ ಅಂಬರೇಶ ಹಾಳೆಯನ್ನು ಅಂಗಿಯ ಕಿಸೆಯಲ್ಲಿ ಎದೆಗೆ ಒತ್ತಿ ಹಿಡಿದಿದ್ದ. ರಸ್ತೆಯ ಎರಡೂ ಬದಿ ಕಲ್ಲಿನ ಗಣಿಗಳು. ನೆಲ ಪದರು ಪದರಾಗಿ ಬಿಚ್ಚಿಕೊಂಡು, ಒಂದರ ಮೇಲೊಂದು ಪರಸಿ ಕಲ್ಲುಗಳು, ಯಾರೋ ಓದಿ ಮುಗಿಸದ ಫೈಲುಗಳ ಹಾಗೆ. ಬರೆದರೆ ಏನಾದೀತು ಎಂದು ಅವನು ಯೋಚಿಸಿದ. ಅಂಬರೇಶ ಎಂದು ಬರೆದರೆ ಒಂದು ವರ್ಷದ ಕೋರ್ಸು, ತನ್ನಂಥ ದುಡಿದವರ ನಡುವೆ ಕೂರುವುದು, ಬೆಲ್ಟಿನ ಕತೆಯನ್ನು ಬೆಂಕಿಯಿಲ್ಲದೆ ಹೇಳುವುದು. ಅಣ್ಣ ಮಾತ್ರ ಮೊದಲಿನಿಂದ ಚೀಲ ಹೊರಬೇಕು, ಇಲ್ಲವೇ ಮಲಗಬೇಕು. ಬರೆಯದಿದ್ದರೆ ಎರಡು ವರ್ಷ, ಇಪ್ಪತ್ತರ ಹುಡುಗರ ನಡುವೆ ಹುಡುಗನಾಗಿ ಕೂರಬೇಕು. ಕೆಲಸದ ಸ್ಥಳ ಎಂದರೆ ಹೇಗಿರುತ್ತದೆ ಎಂದು ಚಿತ್ರ ತೋರಿಸಿ ಕಲಿಸುತ್ತಾರೆ, ಅದನ್ನು ಮೊದಲ ಸಲ ನೋಡಿದವನಂತೆ ನೋಡಬೇಕು. ಎರಡೂ ಸಾಧ್ಯ. ಅಣ್ಣ ಮಂಚದಿಂದ ಏಳದಿರಲಿ, ಇವತ್ತೊಂದು ದಿನ ಬೆನ್ನು ಹಿಡಿದುಕೊಳ್ಳಲಿ ಎಂದು ಮನಸ್ಸು ಬಯಸಿತು. ಬಯಸಿದ್ದು ತಿಳಿದು ಅವನು ಪಕ್ಕದ ಪ್ರಯಾಣಿಕನ ಕಡೆ, ಆತ ಕೇಳಿಸಿಕೊಂಡನೇನೋ ಎಂಬಂತೆ, ನೋಡಿದ.

ಚೌಡೇಶ ಎದ್ದಿದ್ದ. ಎದ್ದಿದ್ದಷ್ಟೇ ಅಲ್ಲ, ಸಮವಸ್ತ್ರ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯ ಬೀರಲಿಂಗನಿಗೆ ಬೆಲ್ಟಿನ ಕತೆ ಹೇಳುತ್ತಿದ್ದ. ಕಿಸೆಯ ಮೇಲೆ ಅವನ ಹೆಂಡತಿ ಅಂಬುಜಾ ಕೆಂಪು ದಾರದಲ್ಲಿ ಚೌಡೇಶ ಎಂದು ಹೊಲಿದಿದ್ದ ಅಂಗಿ. ಅದರ ಬಗಲಿನಲ್ಲಿ ಅಂಬರೇಶನ ಬೆವರಿನ ಉಪ್ಪಿನ ಗೆರೆ ಇನ್ನೂ ಹೋಗಿರಲಿಲ್ಲ.

"ಬೆಂಕಿ ಇಷ್ಟೆತ್ತರ ಎದ್ದದ. ಸೂಪರ್‌ವೈಸರ್ ಓಡಿ ಹೋದ. ನಾ ಹಿಂದ ಸರೀಲಿಲ್ಲ ನೋಡು," ಎನ್ನುತ್ತಿದ್ದವನು ತಮ್ಮನನ್ನು ಕಂಡು ನಾಚಿಕೊಳ್ಳಲಿಲ್ಲ. "ಹೌದಿಲ್ಲೋ ಅಂಬ್ಯಾ? ಎಷ್ಟು ಲಾರಿ ಇದ್ವು ಅವತ್ತು?"

"ನಲ್ವತ್ತು."

"ನಲ್ವತ್ತು," ಎಂದ ಚೌಡೇಶ ಬೀರಲಿಂಗನಿಗೆ, ತಾನೇ ಎಣಿಸಿದವನ ಗತ್ತಿನಲ್ಲಿ.

ಅಂಬುಜಾ ರೊಟ್ಟಿ ಹಾಕಿದಳು. "ಮುಂಜಾನಿಂದ ಮೂರು ಸಲ ಗಡ್ಡ ಕೆರಕೊಂಡಾರ ನಿಮ್ಮಣ್ಣ. ಮದಿವಿಗಿ ಒಂದೇ ಸಲ ಕೆರಕೊಂಡಿದ್ರು," ಎಂದಳು. ಊಟದ ನಡುವೆ ಚೌಡೇಶ ಒಂದೊಂದಾಗಿ ಕೇಳಿದ: ಹೊಸ ಗೇಟಿನಿಂದ ಒಳಗೆ ಹೋದರೆ ಪ್ಯಾಕಿಂಗ್ ಹಾಲು ಯಾವ ಕಡೆ, ಚಹಾಕ್ಕೆ ಯಾವಾಗ ಬಿಡುತ್ತಾರೆ, ಜೊತೆಗೆ ಚೀಲ ಹೊರುವ ನಾಮದೇವ ಅಂದರೆ ಕುಳ್ಳಗಿನವನೋ ಎತ್ತರದವನೋ, ಅವನಿಗೂ ತನಗೂ ಸಲಿಗೆ ಎಷ್ಟು.

"ಭಾಳ ಸಲಿಗಿ. ಒಂದೇ ಡಬ್ಬಿದಾಗ ಉಣ್ತೀವಿ. ಉಣ್ತೀರಿ," ಎಂದ ಅಂಬರೇಶ.

"ಮತ್ತ ನಿಂದು ಏನಾಯ್ತು? ಅವೆರಡು ಕೋರ್ಸ್ ಅಂದಿದ್ದಿ."

ಅಂಬರೇಶ ರೊಟ್ಟಿಯ ಚೂರನ್ನು ಪುಂಡಿಪಲ್ಯದಲ್ಲಿ ಅದ್ದಿ ಹಿಡಿದುಕೊಂಡ. "ಒಂದು ಕೆಲಸ ಮಾಡಿದವ್ರಿಗಿ, ಅಣ್ಣಾ. ಇನ್ನೊಂದು ಮಾಡದವ್ರಿಗಿ."

"ಹಂಗಾದ್ರ ಮಾಡದವ್ರದು ತಗೋ. ನೀ ಎಲ್ಲಿ ಮಾಡೀದಿ?"

ಚುಚ್ಚಿ ಹೇಳಿದ ಮಾತಾಗಿದ್ದರೆ ಸರಿಯಿತ್ತು. ಅಂಬರೇಶ ಅಣ್ಣನ ಮುಖ ಹುಡುಕಿದ. ಅಲ್ಲಿ ತಮ್ಮನ ಓದಿನ ಬಗೆಗಿನ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ. ಮೂರು ವರ್ಷ ಸಂಜೆಗೊಮ್ಮೆ ಕೇಳಿ ಕೇಳಿ, ಮಂಚದ ಮೇಲೆ ಮಲಗಿದವನು ದಿನಾ ಪಾಳಿಗೆ ಹೋಗಿ ಬಂದಿದ್ದ. ದಣಿದಿದ್ದ ಕೂಡ. ಅಂಬುಜಾಳ ಕೈ ಮಾತ್ರ ಹಿಟ್ಟಿನ ಮೇಲೆ ನಿಂತಿತು. ಅವಳು ಮೈದುನನ ಕಿಸೆಯಿಂದ ಇಣುಕುತ್ತಿದ್ದ ಸಿಕ್ಕೆಯ ನೀಲಿ ಅಂಚನ್ನು ನೋಡಿದಳು. ಚೌಡೇಶ ಕೈತೊಳೆಯಲು ಎದ್ದಾಗ ತಗ್ಗಿದ ದನಿಯಲ್ಲಿ, "ಅದ್ರಾಗ ನೀವು ಏನ್ ಬರಕೊಂಡ್ರೂ ನಾ ಕೇಳಂಗಿಲ್ಲ," ಎಂದಳು. "ಮೂರು ವರ್ಷ ಆ ಅಂಗಿ ಒಗದಾಕಿ ನಾನು. ಯಾರ ಮೈದು ಅಂತ ನಂಗ ಗೊತ್ತದ." ಅವಳು ಬೇಡವೆಂದು ಕೈಮುಗಿದಿದ್ದರೆ ಅವನು ತನ್ನ ಹೆಸರು ಬರೆದೇಬಿಡುತ್ತಿದ್ದನೇನೋ.

ನಾಲ್ಕಕ್ಕೆ ಗೇಟಿನ ಮುಂದೆ ಗುತ್ತಿಗೆಯವರೆಲ್ಲ ಸಾಲು ನಿಂತಿದ್ದರು. ನೆಲದ ಮೇಲೆ ಹೊಸದಾಗಿ ಹಳದಿ ಗೆರೆ ಎಳೆದಿದ್ದರು. ಗೆರೆಯ ಆಚೆ ಒಂದು ಮೇಜು, ಕ್ಯಾಮರಾ, ಹೋದ ತಿಂಗಳಷ್ಟೇ ಕಂಪನಿ ಕಚೇರಿಗೆ ವರ್ಗವಾಗಿ ಬಂದ ಅಶೋಕಕುಮಾರ. ಗುರುಲಿಂಗಪ್ಪನ ಖೋಲಿಗೆ ಬೀಗ. ಇಂಥ ಹೊತ್ತಿನಲ್ಲಿ ಅವನಿಗೆ ಶಹಾಬಾದಿನಲ್ಲಿ ಕೆಲಸವಿರುತ್ತಿತ್ತು. ಸಾಲಿನವರು ಅಂಬರೇಶನನ್ನು ನೋಡಿದರು, ಅವನ ಪಕ್ಕದ ಇಸ್ತ್ರಿ ಅಂಗಿಯವನನ್ನು ನೋಡಿದರು, ತಿಳಿದವರಂತೆ ಬೇರೆ ಕಡೆ ನೋಡಿದರು. ಚೌಡೇಶನ ಸರದಿ ಬಂತು. ಅವನು ಕ್ಯಾಮರಾದ ಮುಂದೆ ಎದೆ ಸೆಟೆಸಿ ನಿಂತ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ಮತ್ತೆ ನಿಂತ, ಮತ್ತೆ ಕೆಂಪು. ಅಶೋಕಕುಮಾರ ಕಡತ ತಿರುವಿ ಒಂದು ಫೋಟೋ ಹೊರತೆಗೆದ. ಚೌಡೇಶನ ಹಳೆಯ ಫೋಟೋ ಮಾಸಿಹೋಗಿದೆಯೆಂದು ಯಾರೋ ಬಹುಮಾನದ ಫೋಟೋ ಅಂಟಿಸಿದ್ದರು, ಯಂತ್ರದೊಳಗೂ ಅದೇ ಇತ್ತು. ಸ್ಟೀಲಿನ ಡಬ್ಬಿ ಹಿಡಿದು ನಗುತ್ತಿದ್ದ ಅಂಬರೇಶ.

"ಇದು ನೀವಲ್ರಿ," ಎಂದ ಅಶೋಕಕುಮಾರ. ತಲೆ ಎತ್ತಿ ಗೆರೆಯ ಈಚೆ ನಿಂತವನನ್ನು ನೋಡಿದ. "ಇದು ನೀವು."

ಚೌಡೇಶ ತಿರುಗಲಿಲ್ಲ. ಹಿಂದಿನಿಂದ ಅವನ ಕತ್ತು ಕಾಣುತ್ತಿತ್ತು. ಮೂರನೇ ಸಲದ ಕ್ಷೌರದಲ್ಲಿ ಕಿವಿಯ ಕೆಳಗೆ ಬ್ಲೇಡು ತಾಗಿ, ರಕ್ತ ನಿಲ್ಲಲು ಒತ್ತಿದ್ದ ಕಾಗದದ ಚೂರು ಇನ್ನೂ ಅಂಟಿಕೊಂಡಿತ್ತು. ಹೌದ್ರೀ, ನಾನೇ ಎಂದರೆ ಮುಗಿಯಿತು. ಕಿಸೆಯಲ್ಲಿ ಹಾಳೆಯಿದೆ, ಹೈದರಾಬಾದಿನ ಅರ್ಜಿಗೆ ಇನ್ನೂ ಮುಕ್ಕಾಲು ತಾಸು ಟೈಮಿದೆ. ಆ ಕಾಗದದ ಚೂರನ್ನು ಯಾರಾದರೂ ತೆಗೆದಿದ್ದರೆ ಅವನು ಹಾಗೆಯೇ ಹೇಳಿಬಿಡುತ್ತಿದ್ದ.

"ನಾ ಅವನ ತಮ್ಮರಿ. ಬಕ್ಷೀಸ ಕೊಡೋ ದಿನ ಅಣ್ಣಗ ಜ್ವರ ಬಂದಿತ್ತು. ಇಸ್ಕೊಳ್ಳಾಕ ನಾ ಬಂದಿದ್ದೆ. ಅದೊಂದು ದಿನ."

"ಒಳಗ ಕೆಲಸ ಮಾಡೀರೇನು?"

"ಇಲ್ರಿ. ಎಂದೂ ಮಾಡಿಲ್ಲ."

ಅಶೋಕಕುಮಾರ ದಡ್ಡನಾಗಿರಲಿಲ್ಲ. ಸಾಲಿನ ಕಡೆ ತಿರುಗಿ, "ಇವರನ್ನ ಒಳಗ ಯಾರರ ನೋಡೀರೇನು?" ಎಂದ.

ಮುಂದೆ ನಿಂತಿದ್ದವನು ನಾಮದೇವ. ಅವನು ಅಂಬರೇಶನನ್ನು ಕಾಲಿನಿಂದ ತಲೆಯವರೆಗೆ, ಸಂತೆಯಲ್ಲಿ ದನ ನೋಡುವ ಹಾಗೆ, ಸಾವಕಾಶವಾಗಿ ನೋಡಿದ. "ಇಲ್ರಿ ಸಾಹೇಬ್ರ. ಇವತ್ತೇ ನೋಡಾಕತ್ತೀನಿ. ಮಾರಿ ಜರಾ ಚೌಡೇಶನಂಗ ಅದ."

"ಕಾಲೇಜಿನವ್ರು ಇದ್ದಂಗ ಕಾಣ್ತಾರ," ಎಂದ ಅವನ ಹಿಂದಿನವನು.

"ಕೈ ನೋಡ್ರಿ, ಇವು ಚೀಲ ಹೊತ್ತ ಕೈ ಏನು?" ಎಂದ ಇನ್ನೊಬ್ಬ, ನೋಡದೆಯೇ.

ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ ಅಂಬರೇಶ ತನ್ನ ಕೈಗಳನ್ನು ಹಿಂದೆ ಕಟ್ಟಿಕೊಂಡ. ಅವು ಸುಳ್ಳು ಹೇಳುತ್ತಿವೆ ಎಂದು ಒಂದು ಕ್ಷಣ ಅವನಿಗೇ ಅನ್ನಿಸಿತು.

"ಬಾಯಿ ಮಾತು ಬ್ಯಾಡ. ಇವರೇ ಚೌಡೇಶ ಅಂತ ಗುತ್ತೇದಾರರ ಪತ್ರ ತರ್ರಿ. ಹತ್ತು ವರ್ಷದ್ದೂ ಅದ್ರಾಗ ಬರಸ್ರಿ," ಎಂದ ಅಶೋಕಕುಮಾರ.

ಬೀಗ ಹಾಕಿದ ಖೋಲಿಯ ಹಿಂದಿನ ಪರಸಿಕಲ್ಲಿನ ಮೇಲೆ ಕೂತು ಅಂಬರೇಶ ಹಾಳೆ ಬಿಚ್ಚಿದ. ತೊಡೆಯ ಮೇಲೆ ಇಟ್ಟು ಬರೆದ. ಇಂಥ ಪಾಸ್ ನಂಬರಿನ ಚೌಡೇಶ ಎಂಬುವವರು ಇವರೇ ಎಂದು, ಹತ್ತು ವರ್ಷಗಳಿಂದ ಸತತವಾಗಿ ನಮ್ಮಲ್ಲಿ ದುಡಿಯುತ್ತಿದ್ದಾರೆ ಎಂದು, ಕೆಲಸದಲ್ಲಿ ನಿಷ್ಠಾವಂತರೆಂದು. ಒಂದು ಸಾಲು ಜಾಗ ಉಳಿಯಿತು. ಬೆಲ್ಟು ನಿಂತ ದಿನ ಇವರು ತೋರಿದ ಸಮಯಪ್ರಜ್ಞೆ ಮೆಚ್ಚುವಂಥದ್ದು ಎಂದು ಸೇರಿಸಿದ. ಬೆಂಕಿಯ ಸುದ್ದಿ ಬರೆಯಲಿಲ್ಲ. ಶಾಯಿ ಆರುವ ತನಕ ಊದುತ್ತ ಕೂತಿದ್ದು, ಆಮೇಲೆ ಒಯ್ದು ಕೊಟ್ಟ.

ಹೊಸ ಫೋಟೋ ಹಿಡಿದರು. ಹಸಿರು ದೀಪ ಹತ್ತಿತು. ಚೌಡೇಶ ಬೆನ್ನು ಸ್ವಲ್ಪ ಓರೆ ಮಾಡಿಕೊಂಡು, ತಮ್ಮ ಹೇಳಿದ್ದನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಒಳಗೆ ನಡೆದ. ಫೋನು ನಡುಗಿತು.

"ಐದಕ್ಕ ಹತ್ತು ನಿಮಿಷ ಅದ, ಭಾಯ್. ಪತ್ರ ಸಿಕ್ತೇನು?" ಎಂದಳು ಅತೀಯಾ.

"ಇಲ್ಲ."

"ಹಂಗಾದ್ರ ಎರಡನೇದು ಒತ್ತೀನಿ. ಒತ್ತಿದೆ. ನಿಂದ್ರಿ, ಕೆಳಗ ಇನ್ನೊಂದು ಬಂತು. ಡಿಗ್ರಿ ಆದಮ್ಯಾಲ ಮೂರು ವರ್ಷ ಏನ್ ಮಾಡಿದ್ರಿ ಅಂತ ಕೇಳ್ತದ. ಖಾಲಿ ಬಿಟ್ರ ತಗೋವಲ್ದು."

ಒಳಗೆ ಯಾರೋ "ಏ ಚೌಡೇಶ" ಎಂದು ಕೂಗಿದರು. ಗೇಟಿನ ಹೊರಗೆ ಅಂಬರೇಶನ ಕತ್ತು ತಿರುಗಿತು, ಕಾಲು ಒಂದು ಹೆಜ್ಜೆ ಮುಂದೆ ಇಟ್ಟಿತು. ಒಳಗೆ, ಪ್ಯಾಕಿಂಗ್ ಹಾಲಿನ ದಾರಿಯಲ್ಲಿ, ಅಣ್ಣ ತಿರುಗಿದ್ದು ಎರಡನೇ ಕೂಗಿಗೆ.

"ಹಲೋ? ಏನ್ ಬರೀಲಿ?"

"ಮನ್ಯಾಗಿದ್ದೆ ಅಂತ ಬರೀರಿ."

ನಾಮದೇವ ತನ್ನ ಫೋಟೋ ಮುಗಿಸಿ ಒಳಗೆ ಹೋಗುವವನು ನಿಂತ. ಅಶೋಕಕುಮಾರ ಇನ್ನೂ ನೋಡುತ್ತಿದ್ದ. ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ನಾಮದೇವ, ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ:

"ಸಾಹೇಬ್ರ, ಜರಾ ಹಿಂದ ಸರೀರಿ. ಹೊರಗಿನವ್ರು ಗೆರಿ ದಾಟಂಗಿಲ್ಲ."

ಅಂಬರೇಶ ಕೆಳಗೆ ನೋಡಿದ. ಅವನ ಒಂದು ಪಾದ ಹಳದಿ ಗೆರೆಯ ಆಚೆಗಿತ್ತು. ಅದನ್ನು ಎತ್ತಿ ಈಚೆಗೆ ಇಟ್ಟ.